ಕೆಂಪು ತ್ರಿಕೋನದ ಸ್ವಿಚ್ಚು

ಕಳೆದ ಸೋಮವಾರ ಸಂಜೆ ಕಾವು ಜಂಕ್ಷನ್ನಿನಲ್ಲಿ ರಿಕ್ಷಾದವರೊಬ್ಬರು ನನಗೆ ಬೈದರು. ನಡುರಸ್ತೆಯಲ್ಲಿ, ನಾಲ್ಕು ಜನರ ಎದುರು, ಗಂಟಲು ಬಿಚ್ಚಿ ಬೈದರು.

ನಾನು ಪುತ್ತೂರಿನಿಂದ ಬಂದು ಈಶ್ವರಮಂಗಲದ ರಸ್ತೆಗೆ ಬಲಕ್ಕೆ ತಿರುಗುತ್ತಿದ್ದೆ. ಹಿಂದೆ ಬರುತ್ತಿದ್ದ ಅವರು, ಈ ಕಾರು ಸುಳ್ಯದ ಕಡೆ ಸೀದಾ ಹೋಗುತ್ತದೆ ಎಂದುಕೊಂಡು ಬಲಬದಿಯಿಂದಲೇ ಓವರ್‌ಟೇಕ್ ಮಾಡಲು ನುಗ್ಗಿದ್ದರು. ಎರಡು ಗಾಡಿಗಳ ನಡುವೆ ಒಂದು ಅಂಗೈ ಅಗಲದ ಜಾಗ ಉಳಿದಿತ್ತು, ಅಷ್ಟೆ.

“ಅಕ್ಕಾ, ತಿರುಗುದಾದ್ರೆ ಒಂದು ಸಿಗ್ನಲ್ ಹಾಕ್ಲಿಕ್ಕೆ ಎಂತ ಕಷ್ಟ ನಿಮ್ಗೆ?”

“ಹಾಕಿದ್ದೇನೆ ಮಾರಾಯ್ರೆ!” ನಾನೂ ಬಿಡಲಿಲ್ಲ.

“ಎಲ್ಲಿ ಉಂಟು? ಇಳಿದು ತೋರ್ಸಿ!”

ಇಳಿದೆ. ತೋರಿಸಲು ಏನೂ ಇರಲಿಲ್ಲ. ಒಳಗೆ ಇಂಡಿಕೇಟರಿನ ಕಡ್ಡಿ ಬಲಕ್ಕೆ ಹಾಕಿದ್ದು ಹಾಗೆಯೇ ಇತ್ತು, ಹೊರಗೆ ಹಿಂದೆಯೂ ಮುಂದೆಯೂ ಕತ್ತಲೆ. ಎಡಕ್ಕೆ ಹಾಕಿ ನೋಡಿದೆ, ಅಲ್ಲಿಯೂ ಇಲ್ಲ. ಟಿಕ್ ಟಿಕ್ ಎಂಬ ಸದ್ದು ಯಾವಾಗ ನಿಂತಿತೋ! ನಾನು ಹಾಡು ಕೇಳುತ್ತಾ ಗುನುಗುತ್ತಾ ಬರುತ್ತಿದ್ದವಳು. ರಿಕ್ಷಾದವರಲ್ಲಿ ಕ್ಷಮೆ ಕೇಳಿದೆ. ಅವರೂ ತಣ್ಣಗಾಗಿ, “ಮನೆವರೆಗೆ ಕೈ ತೋರ್ಸಿಕೊಂಡು ಹೋಗಿ, ಜಾಗ್ರತೆ” ಎಂದು ಹೋದರು.

ಇಂಡಿಕೇಟರ್ ಹೋದದ್ದಕ್ಕೆ ಒಂದು ಅಂಕಣವೇ ಎಂದು ಕೇಳಬೇಡಿ. ಹೋದ ಸಮಯ ನೋಡಿ. ಸೋಮವಾರ ಹೋಯಿತು. ಶುಕ್ರವಾರ ಪುತ್ತೂರಿನ ಆರ್‌ಟಿಒ ಆಫೀಸಿನಲ್ಲಿ ನಮ್ಮ ಕಾರಿನ ತಪಾಸಣೆ ಇತ್ತು. ಕಾರಿಗೆ ಇಪ್ಪತ್ತು ವರ್ಷ ತುಂಬಿದೆ. ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಒಪ್ಪಿದರೆ ಇನ್ನು ಐದು ವರ್ಷ ರಸ್ತೆಯ ಮೇಲೆ ಓಡಬಹುದು. ಒಪ್ಪದಿದ್ದರೆ?

ಒಪ್ಪದಿದ್ದರೆ ಏನು ಎಂಬುದನ್ನು ನಮ್ಮ ಮನೆಯವರು ತಿಂಗಳ ಮೊದಲೇ ತೀರ್ಮಾನಿಸಿಯಾಗಿತ್ತು. (ಇವರು ಸಹಕಾರಿ ಸಂಘವೊಂದರಲ್ಲಿ ಸೆಕ್ರೆಟರಿಯಾಗಿದ್ದು ನಿವೃತ್ತರಾದವರು. ಯಾವ ವಿಷಯವಾದರೂ ಮೊದಲು ನಿರ್ಣಯ, ಆಮೇಲೆ ಚರ್ಚೆ.)

“ಫೇಲ್ ಆದ್ರೆ ಇನ್ನು ರಿಪೇರಿ ಅಂತ ಹಿಂದೆ ಬೀಳುದು ಬೇಡ. ತೆಗೊಳ್ಳುವವರು ಒಬ್ರು ಇದ್ದಾರೆ, ಕೊಟ್ಟು ಬಿಡುವ. ಒಂದು ಎತ್ತರದ ಗಾಡಿ ತೆಗೆಯುವ.”

“ಅಷ್ಟು ಎತ್ತರದ್ದನ್ನು ನಾನು ಓಡಿಸುದು ಹೇಗೆ?”

“ನೀನು ಯಾಕೆ ಬಿಡುದು? ಹೊಸ ಗಾಡಿಗೆ ಗೀರು ಬೀಳ್ತದೆ. ನಾನು ಬಿಡ್ತೇನೆ, ನೀನು ಆರಾಮ ಎಡಗಡೆ ಕೂತ್ಕೊ.”

ಆರಾಮ ಎಡಗಡೆ! ಇವರು ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ಸೀಟಿನಲ್ಲಿ ನಾನು ಕೂತು ನೋಡಿದ್ದೇನೆ. ಡ್ರೈವಿಂಗ್ ಕಲಿಯುವ ಮೊದಲು, ಕೋಡಿಂಬಾಳದ ತವರುಮನೆಗೆ ಒಮ್ಮೆ ಹೋಗಿ ಬರಬೇಕೆಂದರೆ ಸಂಘದ ಮೀಟಿಂಗ್ ಮುಗಿಯಬೇಕಿತ್ತು, ಬಿಸಿಲು ಇಳಿಯಬೇಕಿತ್ತು, ಇವರ ಸೊಂಟನೋವು ಕಡಿಮೆಯಾಗಬೇಕಿತ್ತು. ಮೂರೂ ಒಟ್ಟಿಗೆ ಕೂಡಿಬರುವಾಗ ಅಲ್ಲಿನ ಕಾರ್ಯಕ್ರಮ ಮುಗಿದು ಪೆಂಡಾಲು ಬಿಚ್ಚಿರುತ್ತಿತ್ತು. ಮೂವತ್ತೆಂಟನೇ ವಯಸ್ಸಿಗೆ ಕಾರು ಕಲಿತೆ. ಹದಿನಾರು ವರ್ಷ ಆಯಿತು. ವಾರಕ್ಕೆ ನಾಲ್ಕು ದಿನ ಪುತ್ತೂರಿಗೆ ಹೋಗಿ ಹೊಲಿಗೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಮನಸ್ಸಾದಾಗ ಸುಳ್ಯದ ತಂಗಿಯ ಮನೆಗೆ ಹೋಗಿ ಚಾ ಕುಡಿದು ಬರುತ್ತೇನೆ. ಯಾರ ಸೊಂಟವನ್ನೂ ವಿಚಾರಿಸಬೇಕಾಗಿಲ್ಲ.

ಹಾಗಾಗಿ ಆ ಇಂಡಿಕೇಟರ್ ಉರಿಯಲೇಬೇಕಿತ್ತು.

ಮಂಗಳವಾರ ಪುತ್ತೂರಿನಲ್ಲಿ ಎರಡು ಗ್ಯಾರೇಜು ಸುತ್ತಿದೆ. ಮೊದಲನೆಯವರು ಬಲ್ಬು ನೋಡಿದರು, ಫ್ಯೂಸ್ ನೋಡಿದರು, ಟಿಕ್ ಟಿಕ್ ಮಾಡುವ ರಿಲೇ ಎಂಬ ಪುಟ್ಟ ಡಬ್ಬಿಯನ್ನು ಬದಲಿಸಿದರು. ಏನೂ ಆಗಲಿಲ್ಲ. ಎರಡನೆಯವರು ಬಾನೆಟ್ ಎತ್ತಿ, ವಯರುಗಳನ್ನು ಕಂಡು, ಮರಣದ ಮನೆಗೆ ಬಂದವರ ಹಾಗೆ ತಲೆ ಆಡಿಸಿದರು.

“ಮೇಡಂ, ಇದು ಇಡೀ ವೈರಿಂಗ್ ಬಿಚ್ಚಿ ನೋಡ್ಬೇಕಾಗ್ತದೆ. ಒಂದು ವಾರ ಗಾಡಿ ಬಿಟ್ಟು ಹೋಗಿ.”

“ಶುಕ್ರವಾರಕ್ಕೆ ಬೇಕಲ್ಲ?”

“ಶುಕ್ರವಾರಕ್ಕಾ? ಆಗ್ಲಿಕ್ಕಿಲ್ಲ.”

ಮನೆಗೆ ಬಂದು ಹೇಳಿದರೆ ಇವರು “ಛೆ, ಹೌದಾ?” ಎಂದರು. ಬೇಸರದ ದನಿಯಲ್ಲೇ ಎಂದರು. ಆದರೆ ಐದು ನಿಮಿಷ ಕಳೆದು ನೋಡುವಾಗ ಮೊಬೈಲಿನಲ್ಲಿ ಎತ್ತರದ ಗಾಡಿಗಳ ಬಣ್ಣ ನೋಡುತ್ತಿದ್ದರು.

ಆಗ ನೆನಪಾದವನು ರಝಾಕ್. ನಮ್ಮ ಪೇಟೆಯಲ್ಲಿ ಗಾಡಿಗಳ ಇಲೆಕ್ಟ್ರಿಕ್ ಕೆಲಸದ ಅಂಗಡಿ ಇಟ್ಟಿದ್ದವನು, ಆರು ವರ್ಷದ ಹಿಂದೆ ಗಲ್ಫಿನ ದಮಾಮಿಗೆ ಹೋದ. ಅವನ ಹೆಂಡತಿ ಝುಬೈದಾ ನನ್ನಲ್ಲಿ ಹೊಲಿಗೆ ಕಲಿತವಳು. ಅವಳಿಂದ ನಂಬರ್ ತೆಗೆದುಕೊಂಡು ಮೆಸೇಜು ಹಾಕಿದೆ. ಉತ್ತರ ತಕ್ಷಣ ಬಂತು: ‘ನಾಳೆ ನಿಮ್ಮ ಎರಡೂವರೆಗೆ ನನಗೆ ಊಟದ ಬ್ರೇಕ್. ವೀಡಿಯೋ ಕಾಲ್ ಮಾಡಿ ಅಕ್ಕ. ಗಾಡಿ ಹತ್ರ ನಿಂತು ಮಾಡಿ.’

ಬುಧವಾರ ಎರಡೂವರೆ. ಕಾರು ಅಂಗಳದಲ್ಲಿ. ನಾನು ಡ್ರೈವರ್ ಸೀಟಿನಲ್ಲಿ. ಫೋನು ಹಿಡಿಯಲು ಒಬ್ಬರು ಬೇಕಿತ್ತು. ಮನೆಯಲ್ಲಿ ಇದ್ದವರು ಒಬ್ಬರೇ. ಅವರೇ ಎಡಗಡೆ ಸೀಟಿನಲ್ಲಿ ಆರಾಮವಾಗಿ ಕುಳಿತರು.

ರಝಾಕ್ ಮೊದಲು ಕಾರಿನ ಯೋಗಕ್ಷೇಮ ವಿಚಾರಿಸಿದ. ಆಮೇಲೆ ನಮ್ಮದು.

“ಅಕ್ಕ, ಇಂಡಿಕೇಟರ್ ಬಲಕ್ಕೆ ಹಾಕಿ. ಬರುದಿಲ್ಲ ಅಲ್ವಾ? ಹಾಂ. ಇನ್ನು ಆ ಕೆಂಪು ತ್ರಿಕೋನದ ಸ್ವಿಚ್ ಉಂಟಲ್ಲ, ನಾಲ್ಕು ಲೈಟಿಂದು? ಅದನ್ನು ಒತ್ಬೇಡಿ. ಸುಮ್ಮನೆ ಬೆರಳಿಟ್ಟು ಅಲ್ಲಾಡ್ಸಿ.”

ಅಲ್ಲಾಡಿಸಿದೆ. ಟಿಕ್. ಒಂದೇ ಒಂದು ಸಲ, ಟಿಕ್.

“ಬಂತು!” ಎಂದು ಕೂಗಿದವರು ನಮ್ಮವರು.

“ಅದೇ,” ಎಂದ ರಝಾಕ್. “ವೈರಿಂಗೂ ಅಲ್ಲ, ಎಂತದೂ ಅಲ್ಲ. ಹಝಾರ್ಡ್ ಸ್ವಿಚ್ ಹೋದದ್ದು. ನಿಮ್ಮ ಗಾಡಿಯಲ್ಲಿ ಇಂಡಿಕೇಟರಿಗೆ ಕರೆಂಟ್ ಹೋಗುದು ಅದರ ಹೊಟ್ಟೆಯೊಳಗಿಂದ. ಅದು ಕೆಟ್ರೆ ಎಡ ಬಲ ಎರಡೂ ಸತ್ತ ಹಾಗೆ.”

ನನಗೆ ಆಶ್ಚರ್ಯ. ಆಪತ್ತಿಗೆಂದು ಇಟ್ಟ ಸ್ವಿಚ್ಚು ಕೆಟ್ಟರೆ ದಿನನಿತ್ಯದ ಸಿಗ್ನಲ್ಲೂ ನಿಲ್ಲುತ್ತದೆಂದು ಯಾರಿಗೆ ಗೊತ್ತು? ಹೊಸತು ಸಿಗುತ್ತದೆಯೇ ಎಂದು ಕೇಳಿದೆ. ಈ ಹಳೇ ಮಾಡೆಲಿನದ್ದು ಹುಡುಕಿ ತರಿಸಲು ವಾರವಾದರೂ ಬೇಕು ಎಂದ.

“ಬಿಚ್ಚಿ ಕ್ಲೀನ್ ಮಾಡುವ. ನಿಮ್ಮ ಹತ್ರ ಸಣ್ಣ ಸ್ಕ್ರೂಡ್ರೈವರ್ ಉಂಟಾ?”

ಹೊಲಿಗೆ ಮಿಷನ್ ಇರುವವಳಲ್ಲಿ ಸಣ್ಣ ಸ್ಕ್ರೂಡ್ರೈವರ್ ಉಂಟಾ ಎಂದು ಕೇಳುವುದೆ? ಮಿಷನ್ನಿನ ಡಬ್ಬಿಯನ್ನೇ ತಂದು ತೊಡೆಯ ಮೇಲಿಟ್ಟುಕೊಂಡೆ. ಎರಡು ನಮೂನೆಯ ಸ್ಕ್ರೂಡ್ರೈವರ್, ಚಿಮಟ, ಧೂಳು ತೆಗೆಯುವ ಬ್ರಷ್ಷು, ಎಲ್ಲ ಅದರಲ್ಲಿ ಇತ್ತು. ಮೂವತ್ತು ವರ್ಷ ಮಿಷನ್ನಿನ ಬಾಬಿನ್ ಕೇಸು ಬಿಚ್ಚಿ ಜೋಡಿಸಿದ ಕೈ ನನ್ನದು. ಅದರಲ್ಲಿರುವ ಸ್ಕ್ರೂ ಕೆಳಗೆ ಬಿದ್ದರೆ ಕಣ್ಣಿಗೇ ಕಾಣುವುದಿಲ್ಲ. ಇಷ್ಟಾದರೂ ಕಾರಿನ ಒಂದು ಸ್ಕ್ರೂವನ್ನು ನಾನು ಇದುವರೆಗೆ ಮುಟ್ಟಿರಲಿಲ್ಲ. ಯಾಕೆ? ಯಾರೂ ಬೇಡ ಎಂದಿರಲಿಲ್ಲ. ನನಗೇ ತೋಚಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆಯೇ ಅಲ್ಲವೇ? ಮಿಕ್ಸಿಯ ಜಾರ್ ಹೆಂಗಸರದ್ದು, ಅದರ ಪ್ಲಗ್ಗು ಗಂಡಸರದ್ದು.

ಮೊದಲು ಬ್ಯಾಟರಿಯ ಮೈನಸ್ ವಯರು ತೆಗೆಯಲು ಹೇಳಿದ. ತೆಗೆದೆ. ಆಮೇಲೆ ಸ್ವಿಚ್ಚಿನ ಬದಿಗೆ ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲ ಎಬ್ಬಿಸಿದೆ. ಡ್ಯಾಶ್‌ಬೋರ್ಡಿನಿಂದ ಸ್ವಿಚ್ಚು ಹಲ್ಲು ಕಿತ್ತ ಹಾಗೆ ಹೊರಗೆ ಬಂತು. ಹಿಂದಿನ ವಯರಿನ ಗೊಂಚಲನ್ನು ಲಾಕ್ ಒತ್ತಿ ಬಿಡಿಸಿದೆ. ಅಂಗೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಇಷ್ಟಕ್ಕಾಗಿ ಕಾರು ಮಾರಬೇಕೆ?

“ಇನ್ನು ಅದರ ಮುಚ್ಚಳ ಎಬ್ಬಿಸುದು. ಬಹಳ ಜಾಗ್ರತೆ ಅಕ್ಕ. ಒಳಗೆ ಒಂದು ಸ್ಪ್ರಿಂಗ್ ಉಂಟು. ಹಾರ್ತದೆ.”

ಹಾರಿತು. ನಾನು ಹಾರಿಸಿದ್ದಲ್ಲ. ಒಳಗೆ ಏನುಂಟು ಎಂದು ನೋಡಲು ನಮ್ಮವರು ಫೋನಿನ ಸಮೇತ ಬಗ್ಗಿದರು, ಅವರ ಹಣೆ ನನ್ನ ಮೊಣಕೈಗೆ ತಾಗಿತು, ಸ್ಪ್ರಿಂಗು ಟಣಕ್ ಎಂದು ಮಾಯವಾಯಿತು.

“ನಾನೆಂತ ಮಾಡ್ಲಿಲ್ಲ,” ಎಂದರು ಇವರು.

ಸ್ಪ್ರಿಂಗ್ ಇಲ್ಲದಿದ್ದರೆ ಸ್ವಿಚ್ಚು ಇಲ್ಲ, ಸ್ವಿಚ್ಚು ಇಲ್ಲದಿದ್ದರೆ ಶುಕ್ರವಾರ ಇಲ್ಲ. ಇವರು ಇಳಿದು, ಅಂಗಳದಲ್ಲಿ ಮೊಣಕಾಲೂರಿ, ಮ್ಯಾಟು ಎತ್ತಿ, ಸೀಟಿನಡಿ ಕೈ ಹಾಕಿ ಹುಡುಕತೊಡಗಿದರು. ಸೊಂಟನೋವಿನ ಮನುಷ್ಯ! ಹತ್ತು ನಿಮಿಷ ಹುಡುಕಿದರು. ರಝಾಕ್ ದಮಾಮಿನಲ್ಲಿ ಊಟ ಮಾಡುತ್ತಾ, “ನೆಲದಲ್ಲಿ ಬೇಡ ಅಣ್ಣ, ಬಟ್ಟೆಯಲ್ಲಿ ನೋಡಿ, ಯಾವಾಗ್ಲೂ ಬಟ್ಟೆಯಲ್ಲೇ ಇರುದು” ಎಂದ. ಹೌದು. ಇವರದೇ ಲುಂಗಿಯ ಮಡಿಕೆಯಲ್ಲಿ ಇತ್ತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಅಂಗೈಗಿಟ್ಟರು. ಎತ್ತರದ ಗಾಡಿಯ ಆಸೆ ಇದ್ದವರು ಅದನ್ನು ಕೊಡವಿಬಿಡಬಹುದಿತ್ತು. ಕೊಡವಲಿಲ್ಲ. ಆ ಗಳಿಗೆಯಲ್ಲಿ ಇವರ ಮೇಲೆ ನನಗೆ ಬಹಳ ಪ್ರೀತಿ ಬಂತು ಎಂದು ಇಲ್ಲಿ ಬರೆದುಬಿಡುತ್ತೇನೆ. ಮನೆಯಲ್ಲಿ ಹೇಳಲಿಲ್ಲ.

ಸ್ವಿಚ್ಚಿನ ಒಳಗೆ ಪುಟ್ಟ ತಾಮ್ರದ ತುಂಡುಗಳು. ಒಂದಕ್ಕೊಂದು ತಾಗಬೇಕಾದ ಜಾಗ ಸುಟ್ಟು ಕರಿ ಹಿಡಿದಿತ್ತು. ಒಂದು ಬದಿ ಸವೆದು ತೆಳ್ಳಗಾಗಿತ್ತು. ಫೋನನ್ನು ಹತ್ತಿರ ಹಿಡಿದು ತೋರಿಸಿದೆವು. ರಝಾಕ್ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ.

“ಅಕ್ಕ, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಹಝಾರ್ಡ್ ಸ್ವಿಚ್ ಅಂದ್ರೆ ಗಾಡಿ ರಸ್ತೆಯಲ್ಲಿ ಹಾಳಾಗಿ ನಿಂತಾಗ ಹಾಕುದು. ಕೆಲವರ ಗಾಡಿಯಲ್ಲಿ ಅದನ್ನು ಹತ್ತು ಸಲವೂ ಒತ್ತಿರುದಿಲ್ಲ. ಇದು ಇಷ್ಟು ಸವೆದದ್ದು ಹೇಗೆ? ನೀವು ಅದನ್ನು ಯಾವಾಗ ಹಾಕುದು?”

“ಯಾವಾಗ ಅಂದ್ರೆ? ಎಲ್ಲರೂ ಹಾಕುವ ಹಾಗೆ. ಜಂಕ್ಷನ್ನಿನಲ್ಲಿ ಸೀದಾ ಹೋಗುವಾಗ.”

ಫೋನಿನಲ್ಲಿ ದಮಾಮಿನ ಚಿತ್ರ ಅಲ್ಲಾಡತೊಡಗಿತು. ನೆಟ್‌ವರ್ಕ್ ಹೋಯಿತೇ ಎಂದು ನೋಡಿದರೆ ಅವನು ನಗು ತಡೆಯುತ್ತಿದ್ದ.

ನಗಬೇಡಿ. ನೀವೂ ಹಾಕುತ್ತೀರಿ. ನನಗೆ ಪುತ್ತೂರಿನಲ್ಲಿ ಡ್ರೈವಿಂಗ್ ಕಲಿಸಿದ ಮಾಸ್ಟ್ರು ಹೇಳಿಕೊಟ್ಟದ್ದೇ ಹಾಗೆ. “ಬಲಕ್ಕೆ ಹೋಗುದಾದ್ರೆ ಬಲ, ಎಡಕ್ಕಾದ್ರೆ ಎಡ, ಸೀದಾ ಹೋಗುದಾದ್ರೆ ನಾಲ್ಕೂ.” ಎಷ್ಟು ಚೆಂದದ ಲೆಕ್ಕ! ನಾನು ಅಕ್ಷರಶಃ ಪಾಲಿಸಿದೆ. ಹದಿನಾರು ವರ್ಷ, ಪುತ್ತೂರಿನಲ್ಲಿ, ಸುಳ್ಯದಲ್ಲಿ, ಕಡಬದಲ್ಲಿ, ಪೆರಾಬೆಯ ಆ ಚಿಕ್ಕ ಕವಲಿನಲ್ಲಿ ಕೂಡ, ಸೀದಾ ಹೋಗುವಾಗೆಲ್ಲ ನಾಲ್ಕೂ ಹಾಕಿಕೊಂಡೇ ಹೋಗಿದ್ದೇನೆ. ಹಿಂದಿನವರಿಗೂ ಮುಂದಿನವರಿಗೂ ಮರ್ಯಾದೆ ಕೊಟ್ಟಂತೆ ಎಂಬ ಸಮಾಧಾನ ಬೇರೆ.

“ಮಾಸ್ಟ್ರು ಕಲಿಸಿದ್ದು ತಪ್ಪು ಅಕ್ಕ,” ಎಂದ ರಝಾಕ್. “ಎಡದ ರಸ್ತೆಯಲ್ಲಿ ಒಬ್ಬ ಬೈಕಿನವ ನಿಂತಿದ್ದಾನೆ ಅಂತ ಇಟ್ಕೊಳ್ಳಿ. ಅವನಿಗೆ ಕಾಣುದು ನಿಮ್ಮ ಗಾಡಿಯ ಒಂದೇ ಬದಿ. ಎಡದ ಲೈಟ್ ಮಾತ್ರ ಮಿಣಿಮಿಣಿ ಮಾಡ್ತದೆ. ನೀವು ಅವನ ರಸ್ತೆಗೇ ತಿರುಗ್ತೀರಿ ಅಂತ ಅವ ಧೈರ್ಯದಲ್ಲಿ ರಸ್ತೆಗೆ ಬರ್ತಾನೆ. ನೀವು ಸೀದಾ ಬರ್ತೀರಿ.”

ಕೈಯಲ್ಲಿದ್ದ ಸ್ವಿಚ್ಚನ್ನು ಡಬ್ಬಿಯೊಳಗೆ ಇಟ್ಟುಬಿಟ್ಟೆ.

ಎರಡು ವರ್ಷದ ಹಿಂದೆ ಸುಳ್ಯದಲ್ಲಿ ಇದೇ ನಡೆದಿತ್ತು. ಎಡಗಡೆಯ ರಸ್ತೆಯಿಂದ ನಡುವಯಸ್ಸಿನ ಒಬ್ಬರು ಬೈಕಿನಲ್ಲಿ ನೇರ ನನ್ನ ಮುಂದೆ ಬಂದಿದ್ದರು. ಬ್ರೇಕ್ ಹಾಕಿದೆ, ಯಾರಿಗೂ ಏನೂ ಆಗಲಿಲ್ಲ. ಗ್ಲಾಸು ಇಳಿಸಿ ಅವರಿಗೆ ಚೆನ್ನಾಗಿ ಬೈದೆ. ಅವರು “ನೀವೇ ಸಿಗ್ನಲ್ ಹಾಕಿದ್ದು...” ಎಂದೇನೋ ಹೇಳಲು ಬಂದರು, ಕೇಳಿಸಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಹಳೆಯ ಓದುಗರಿಗೆ ನೆನಪಿರಬಹುದು, ಆ ವಾರ ಇದೇ ಅಂಕಣದಲ್ಲಿ ‘ಕಣ್ಣು ಮುಚ್ಚಿ ಬೈಕ್ ಬಿಡುವವರು’ ಎಂದು ಉದ್ದಕ್ಕೆ ಬರೆದಿದ್ದೆ. ಬಹಳ ಜನ ಮೆಚ್ಚಿ ಫೋನ್ ಮಾಡಿದ್ದರು. ನಾನು ಹಿಗ್ಗಿದ್ದೆ.

ಸುಳ್ಯದ ಆ ಬೈಕಿನವರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ನೀವು ಹೇಳಲು ಹೊರಟದ್ದೂ ಸರಿ. ತಪ್ಪಾಯಿತು, ಕ್ಷಮಿಸಿ.

ಮತ್ತೆ ಕೆಲಸಕ್ಕೆ ಕೂತೆ. ರಝಾಕ್ ಹೇಳಿದ ಹಾಗೆ ನಯವಾದ ಸ್ಯಾಂಡ್ ಪೇಪರಿನಲ್ಲಿ ತಾಮ್ರವನ್ನು ಮೆಲ್ಲ ಮೆಲ್ಲ ಉಜ್ಜಿದೆ, ಕಪ್ಪು ಹೋಗಿ ಕೆಂಪು ಕಾಣುವವರೆಗೆ. ಬ್ರಷ್ಷಿನಲ್ಲಿ ಪುಡಿ ತೆಗೆದೆ. ತೆಳ್ಳಗಾದ ತುಂಡನ್ನು ಚಿಮಟದಲ್ಲಿ ಹಿಡಿದು ಒಂದು ಎಳೆಯಷ್ಟು ಮೇಲಕ್ಕೆ ಬಗ್ಗಿಸಿದೆ. “ಸಾಕು, ಸಾಕು, ಹೆಚ್ಚಾದ್ರೆ ತುಂಡಾಗ್ತದೆ” ಎಂದು ಅವನು ಅಲ್ಲಿಂದ ಕೂಗಿದ. ಸ್ಪ್ರಿಂಗ್ ಕೂರಿಸುವಾಗ ಇವರನ್ನು ಕಾರಿನಿಂದಲೇ ಇಳಿಸಿದೆ. ಮುಚ್ಚಿದೆ. ವಯರಿನ ಗೊಂಚಲು ಸಿಕ್ಕಿಸಿ, ಸ್ವಿಚ್ಚನ್ನು ಅದರ ಜಾಗಕ್ಕೆ ಒತ್ತಿದೆ. ಬ್ಯಾಟರಿ ಜೋಡಿಸಿದೆ. ಕೀ ತಿರುಗಿಸಿ ಬಲ ಇಂಡಿಕೇಟರ್ ಹಾಕಿದೆ.

ಟಿಕ್ ಟಿಕ್ ಟಿಕ್ ಟಿಕ್.

ಇವರು ಕಾರಿಗೆ ಸುತ್ತು ಬರುತ್ತಾ ವರದಿ ಒಪ್ಪಿಸಿದರು. “ಮುಂದೆ ಉಂಟು! ಹಿಂದೆ ಉಂಟು! ಎಡ ಹಾಕು. ಎಡವೂ ಉಂಟು! ಇನ್ನು ನಾಲ್ಕೂ ಹಾಕು!” ಸಂಘದ ಮಹಾಸಭೆಯಲ್ಲಿ ಕೂಡ ಇವರ ದನಿ ಇಷ್ಟು ಏರಿದ್ದನ್ನು ನಾನು ಕೇಳಿಲ್ಲ.

“ಅಕ್ಕ, ಫೋನನ್ನು ಆ ಟಿಕ್ ಟಿಕ್ ಬರುವಲ್ಲಿಗೆ ಒಮ್ಮೆ ಹಿಡೀರಿ,” ಎಂದ ರಝಾಕ್.

ಹಿಡಿದೆ. ಅವನು ತನ್ನ ಫೋನನ್ನು ಕಿವಿಗೆ ಒತ್ತಿಕೊಂಡ.

“ಇಲ್ಲಿಯ ಹೊಸ ಗಾಡಿಗಳಲ್ಲಿ ಈ ಶಬ್ದ ಸ್ಪೀಕರಿಂದ ಬರುದು ಅಕ್ಕ. ರೆಕಾರ್ಡ್ ಮಾಡಿಟ್ಟ ಹಾಗೆ. ನಿಜದ್ದು ಕೇಳದೆ ಎಷ್ಟು ಸಮಯ ಆಯ್ತು ಮಾರಾಯ್ರೆ.” ಆಮೇಲೆ ಬ್ರೇಕ್ ಮುಗಿಯಿತೆಂದು ಗಡಿಬಿಡಿಯಲ್ಲಿ ಫೋನಿಟ್ಟ. ಸಂಜೆ ಝುಬೈದಾಳ ಮನೆಗೆ ಒಂದು ಡಬ್ಬಿ ಹೋಳಿಗೆ ಕೊಟ್ಟು ಬಂದೆ. ತಿಂದವಳು ಅವಳು, ರಿಪೇರಿ ಮಾಡಿದವನು ಅವನು. ಗಲ್ಫಿನ ಸಂಸಾರದಲ್ಲಿ ಉಪಕಾರಕ್ಕೆ ಪ್ರತ್ಯುಪಕಾರ ಸಲ್ಲುವುದು ಹೀಗೆಯೇ.

ಆಮೇಲೆ ಎರಡು ದಿನ ನನ್ನ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಎಲ್ಲಿ ನೋಡಿದರೂ ನಾಲ್ಕು ಲೈಟು. ಬೇಕರಿಯ ಎದುರು ರಸ್ತೆಗೆ ಅಡ್ಡ ನಿಲ್ಲಿಸಿ ಪಫ್ಸ್ ತಿನ್ನುತ್ತಿರುವವನ ಕಾರಿನಲ್ಲಿ ನಾಲ್ಕು ಲೈಟು. (ಆಪತ್ತು ಪಫ್ಸಿಗೆ.) ಮದುವೆ ದಿಬ್ಬಣದ ಏಳು ಕಾರಿಗೂ ನಾಲ್ಕು ಲೈಟು. ಮಳೆ ಎರಡು ಹನಿ ಬಿದ್ದರೆ ಇಡೀ ಹೆದ್ದಾರಿಗೇ ನಾಲ್ಕು ಲೈಟು. ಇಷ್ಟರ ನಡುವೆ ಒಬ್ಬನ ಗಾಡಿ ನಿಜವಾಗಿ ಕೆಟ್ಟು ನಿಂತರೆ ಯಾರಾದರೂ ಗಮನಿಸುತ್ತಾರೆಯೇ? ಪಫ್ಸ್ ತಿನ್ನುತ್ತಿದ್ದಾನೆ ಎಂದುಕೊಂಡು ಹೋಗುತ್ತಾರೆ. ರಸ್ತೆಯಲ್ಲಿ ಮಾತ್ರವೇ? ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ‘ಅರ್ಜೆಂಟ್, ಎಲ್ಲರೂ ನೋಡಿ’ ಎಂದು ಬಂದ ಕಳೆದ ಹತ್ತು ಮೆಸೇಜಿನಲ್ಲಿ ಒಂಬತ್ತು ಗುಡ್ ಮಾರ್ನಿಂಗ್.

ಶುಕ್ರವಾರ ಬಂತು. ಪುತ್ತೂರಿಗೆ ನಾನೇ ಕಾರು ಬಿಟ್ಟುಕೊಂಡು ಹೋದೆ. ಇವರೂ ಜೊತೆಗೆ ಬಂದರು. ಸಾಲಿನಲ್ಲಿ ನಮ್ಮ ಮುಂದೆ ಆರೇಳು ಗಾಡಿ. ಲೈಸೆನ್ಸ್ ಟೆಸ್ಟಿನ ದಿನ ಕೂಡ ಇಷ್ಟು ಹೆದರಿರಲಿಲ್ಲ. ಆ ದಿನ ಕಳೆದುಕೊಳ್ಳಲು ನನ್ನಲ್ಲಿ ಏನೂ ಇರಲಿಲ್ಲವಲ್ಲ.

ಬ್ರೇಕ್ ಇನ್ಸ್‌ಪೆಕ್ಟರು ಬಂದರು. ಟಯರು, ಬ್ರೇಕು, ಹೊಗೆ, ಹಾರ್ನು. “ರೈಟ್ ಹಾಕಿ. ಲೆಫ್ಟ್. ಹಝಾರ್ಡ್.” ಕೆಂಪು ತ್ರಿಕೋನವನ್ನು ಒತ್ತಿದೆ. ನಾಲ್ಕೂ ಮಿಣಿಮಿಣಿ ಎಂದವು.

“ಗಾಡಿ ಒಳ್ಳೆ ಇಟ್ಕೊಂಡಿದ್ದೀರಿ,” ಎಂದು ಬರೆದುಕೊಂಡು ಅವರು ಮುಂದಿನ ಗಾಡಿಗೆ ಹೋದರು. ಇನ್ನು ಐದು ವರ್ಷ!

ಇಳಿದು ನೋಡಿದರೆ ನಮ್ಮವರು ಸಾಲಿನಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೆ ಕೈ ತಿರುಗಿಸಿ ವಿವರಿಸುತ್ತಿದ್ದರು. “ವೈರಿಂಗ್ ಬಿಚ್ಚಬೇಕು ಅಂತ ಹೇಳ್ತಾರೆ, ನಂಬ್ಬೇಡಿ. ಹಝಾರ್ಡ್ ಸ್ವಿಚ್ ನೋಡಿ. ಒಳಗೆ ಸ್ಪ್ರಿಂಗ್ ಉಂಟು, ಹಾರ್ತದೆ. ನಾವೇ ಬಿಚ್ಚಿ ಸರಿ ಮಾಡಿದ್ದು.” ನಾವೇ! ಇರಲಿ ಬಿಡಿ, ಹಣೆ ಕೊಟ್ಟವರು ಅವರೇ ತಾನೆ. ಆಮೇಲೆ ನನ್ನೆದುರೇ ಕಾರು ಕೊಳ್ಳುವವರಿಗೆ ಫೋನ್ ಮಾಡಿ, “ಇಲ್ಲ ಮಾರಾಯ್ರೆ, ಸದ್ಯಕ್ಕೆ ಕೊಡುದಿಲ್ಲ. ಇವಳಿಗೆ ಬೇಕಂತೆ” ಎಂದರು. ದನಿಯಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ.

ವಾಪಸ್ ಬರುವಾಗ ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದೆವು. ನಮಗೆ ಸೀದಾ ಹೋಗಬೇಕಿತ್ತು. ನನ್ನ ಎರಡು ಕೈಯೂ ಸ್ಟೀರಿಂಗಿನ ಮೇಲಿತ್ತು. ಎಡಗಡೆಯಿಂದ ಇವರ ಕೈ ಮೆಲ್ಲನೆ ಡ್ಯಾಶ್‌ಬೋರ್ಡಿನ ಕಡೆ ಬಂತು. ಆ ಕೈಗೆ ಒಂದು ಪೆಟ್ಟು ಕೊಟ್ಟೆ.

“ಸೀದಾ ಹೋಗುದಲ್ವಾ ನೀನು? ಹಿಂದೆ ಇದ್ದವರಿಗೆ ಹೇಳುದು ಬೇಡ್ವಾ?” ಎಂದರು.

ನನ್ನ ಕಾರು, ನನ್ನ ರಸ್ತೆ, ನಾನು ಸೀದಾ ಹೋಗುತ್ತಿದ್ದೇನೆ. ಅದನ್ನು ಯಾರಿಗಾದರೂ ಯಾಕೆ ಹೇಳಬೇಕು?